ವಿಮಾನಕ್ಕೆ ಕಡಿಮೆ ದುಡ್ಡಿನ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ನಮ್ಮ ಬೀದಿಯೊಂದರಲ್ಲೇ ಐದಾರು ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ. ಮಂಡ್ಯದಲ್ಲಿ ಅಕ್ಕನ ಮನೆ ಕಡೆಯೂ ಅಷ್ಟೇ. ವರ್ಷಕ್ಕೆ ಒಬ್ಬರಾದರೂ ಅಪ್ಪ ಅಮ್ಮ ಮಕ್ಕಳನ್ನು ನೋಡೋಕೆ ಹೊರಡುತ್ತಾರೆ. ಸೂಟ್‌ಕೇಸಿಗೆ ಸಾರಿನ ಪುಡಿ, ಚಟ್ನಿಪುಡಿ ತುಂಬಿ, ತೂಕ ಹಾಕಿ, ಎರಡು ಕಿಲೋ ತೆಗೆದು ಮತ್ತೆ ತುಂಬಿ ಆದ ಮೇಲೆ ನನಗೆ ಫೋನ್ ಬರುತ್ತದೆ. "ಅದೇನೋ ಸದ್ದು ನಿಲ್ಲಿಸೋ ಹೆಡ್‌ಫೋನ್ ಅಂತಲ್ಲಪ್ಪ, ಯಾವುದು ತಗೊಳ್ಳೋದು?" ನಾನು ಕೆಲಸದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ವಿಮಾನ ಹತ್ತುವವನು, ಈ ವಿಷಯದಲ್ಲಿ ಎರಡು ಸಲ ದುಡ್ಡು ಕಳೆದುಕೊಂಡವನೂ ಹೌದು. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇದು ನಿಜವಾಗಲೂ ಸದ್ದು ನಿಲ್ಲಿಸುತ್ತದಾ?

ಒಂದು ಜಾತಿಯ ಸದ್ದನ್ನು ಮಾತ್ರ. ಮಂಡ್ಯದ ಹತ್ತಿರ ಭಾವನ ದೊಡ್ಡಪ್ಪನದ್ದೊಂದು ಆಲೆಮನೆ ಇದೆ. ಹೋದ ವರ್ಷ ಅಲ್ಲಿಗೆ ಹೋದಾಗ ಬ್ಯಾಗಿನಲ್ಲಿ ಹೆಡ್‌ಫೋನ್ ಇತ್ತು, ಸುಮ್ನೆ ಹಾಕಿ ನೋಡಿದೆ. ಕಬ್ಬು ಅರೆಯುವ ಗಾಣಕ್ಕೆ ಡೀಸೆಲ್ ಎಂಜಿನ್. ಅದು ಒಂದೇ ಸಮನೆ ಡುಗುಡುಗು ಅನ್ನುತ್ತಿರುತ್ತದೆ, ಪಕ್ಕದಲ್ಲಿ ಹತ್ತು ನಿಮಿಷ ನಿಂತರೆ ಎದೆಯೊಳಗೂ ಅದೇ ಸದ್ದು. ಬಟನ್ ಒತ್ತಿದ ತಕ್ಷಣ ಆ ಡುಗುಡುಗು ಎಲ್ಲೋ ಎರಡು ಗದ್ದೆ ಆಚೆ ಹೋದ ಹಾಗಾಯಿತು. ಆದರೆ ಕೊಪ್ಪರಿಗೆ ಹತ್ತಿರ ನಿಂತು ದೊಡ್ಡಪ್ಪ "ಲೋ, ಒಲೆಗೆ ಸಿಪ್ಪೆ ಹಾಕ್ರೋ" ಅಂತ ಕೂಗಿದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಹೇಳಬೇಕು ಅಂದರೆ ಮೊದಲಿಗಿಂತ ಚೆನ್ನಾಗಿ.

ವಿಮಾನದಲ್ಲೂ ಹೀಗೇ. ಎಂಜಿನ್ನಿನ ಮೊರೆತ, ಗಾಳಿ ಉಜ್ಜುವ ಭೋರ್ ಅನ್ನುವ ಸದ್ದು, ಇವು ಇಳಿಯುತ್ತವೆ. ಪಕ್ಕದವರ ಮಾತು, ಊಟದ ಟ್ರಾಲಿಯ ಕಟಕಟ ಉಳಿಯುತ್ತವೆ. ಹತ್ತು ಗಂಟೆ ಕೂತು ಇಳಿದಾಗ ತಲೆ ಭಾರವಾಗುತ್ತದಲ್ಲ, ಅದರಲ್ಲಿ ಆ ಬಿಡದ ಮೊರೆತದ ಪಾಲು ದೊಡ್ಡದು. ಹಾರುವಾಗ ವಿಮಾನದೊಳಗೆ ಸುಮಾರು 80ರಿಂದ 85 ಡೆಸಿಬೆಲ್ ಸದ್ದಿರುತ್ತದೆ. ಮಿಕ್ಸಿ ಓಡುವ ಅಡುಗೆಮನೆಯಲ್ಲಿ ಕೂತ ಹಾಗೆ, ಅದೂ ಗಂಟೆಗಟ್ಟಲೆ. ದುಡ್ಡು ಕೊಡುವುದು ಆ ಮೊರೆತ ಇಳಿಸುವುದಕ್ಕೆ ಅಂತ ತಿಳಿದುಕೊಂಡರೆ ಕಡಿಮೆ ಬೆಲೆಯದ್ದೂ ಸಾಕಾಗುತ್ತದೆ. ಪೂರ್ತಿ ನಿಶ್ಶಬ್ದ ಬೇಕು ಅಂತ ಹೋದರೆ 30 ಸಾವಿರದ್ದೂ ಸಾಕಾಗುವುದಿಲ್ಲ.

ಅದು ಹೇಗೆ ಕೆಲಸ ಮಾಡುತ್ತದೆ? ಸುಲಭವಾಗಿ ಹೇಳಿ.

ಹೆಡ್‌ಫೋನ್ ಮೇಲೆ ಪುಟ್ಟ ಮೈಕ್‌ಗಳಿರುತ್ತವೆ. ಅವು ಹೊರಗಿನ ಸದ್ದು ಕೇಳಿಸಿಕೊಂಡು ಒಳಗಿನ ಚಿಪ್‌ಗೆ ಹೇಳುತ್ತವೆ. ಚಿಪ್ ಅದಕ್ಕೆ ಸರಿಯಾಗಿ ತಿರುಗುಮುರುಗಾದ ಇನ್ನೊಂದು ಅಲೆ ಹುಟ್ಟಿಸುತ್ತದೆ. ಹೊರಗಿನ ಅಲೆ ಮೇಲೆದ್ದಾಗ ಇದು ಕೆಳಗೆ, ಅದು ಕೆಳಗಿಳಿದಾಗ ಇದು ಮೇಲೆ. ಎರಡೂ ಕಿವಿಯ ಬಾಗಿಲಲ್ಲಿ ಸೇರಿದಾಗ ಒಂದನ್ನೊಂದು ಅಳಿಸಿಬಿಡುತ್ತವೆ.

ಉಪಾಯ ಹೊಸದಲ್ಲ. ಪಾಲ್ ಲೂಗ್ ಎಂಬ ಜರ್ಮನ್ ಇದಕ್ಕೆ ಅಮೆರಿಕದ ಪೇಟೆಂಟ್ ಪಡೆದದ್ದು 1936ರಲ್ಲಿ. ಆಗ ಅದನ್ನು ಮಾಡಿ ತೋರಿಸುವ ಎಲೆಕ್ಟ್ರಾನಿಕ್ಸ್ ಇರಲಿಲ್ಲ. 1978ರಲ್ಲಿ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೊರಟಿದ್ದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು, ತಂದೆ ಬಂಗಾಳದಿಂದ ಹೋದವರು. ವಿಮಾನದವರು ಕೊಟ್ಟ ಹೆಡ್‌ಫೋನ್ ಹಾಕಿದರೆ ಎಂಜಿನ್ ಸದ್ದಿನಲ್ಲಿ ಹಾಡೇ ಕೇಳಿಸಲಿಲ್ಲ. ಇಳಿಯುವುದರೊಳಗೆ ಲೆಕ್ಕ ಬರೆದು ಮುಗಿಸಿದ್ದರಂತೆ. ಆದರೂ ಅವರ ಕಂಪನಿ ಪೈಲಟ್‌ಗಳಿಗೆ ಹೆಡ್‌ಸೆಟ್ ಮಾರುವ ಹೊತ್ತಿಗೆ 1989 ಆಗಿತ್ತು, ನಮ್ಮಂಥ ಪ್ರಯಾಣಿಕರ ಕೈಗೆ ಬಂದದ್ದು 2000ದಲ್ಲಿ. ಅಂದರೆ ಈ ಸಾಮಾನು ಹುಟ್ಟಿದ್ದೇ ವಿಮಾನಕ್ಕಾಗಿ.

ಹಾಗಾದರೆ ಮಗು ಅಳುವ ಸದ್ದು ಯಾಕೆ ಹೋಗುವುದಿಲ್ಲ?

ಅಲೆಯ ಉದ್ದದ ಲೆಕ್ಕ. 100 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 100 ಅಲೆ ಏಳುವ, ದಪ್ಪ ಸದ್ದಿನ ಅಲೆ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ಉದ್ದ. ಚಿಪ್ ಕೂದಲೆಳೆ ತಡ ಮಾಡಿದರೂ ಅಲೆಗೆ ಅಲೆ ಹೆಚ್ಚುಕಡಿಮೆ ಕೂಡಿಕೊಳ್ಳುತ್ತದೆ. 3000 ಹರ್ಟ್ಜ್‌ನ ಕೀರಲು ಸದ್ದಿನ ಅಲೆ ಬರೀ 11 ಸೆಂಟಿಮೀಟರ್. ಅಲ್ಲಿ ಚೂರು ತಡವಾದರೂ ತಾಳ ತಪ್ಪುತ್ತದೆ. ಜತೆಗೆ ಎಂಜಿನ್ ಒಂದೇ ಶ್ರುತಿಯಲ್ಲಿರುತ್ತದೆ, ಮುಂದೇನು ಬರುತ್ತದೆ ಅಂತ ಗೊತ್ತು. ಮಗು ಯಾವಾಗ ಯಾವ ಸ್ಥಾಯಿಗೆ ಹೋಗುತ್ತದೆ ಅಂತ ಹೆತ್ತವರಿಗೇ ಗೊತ್ತಿರುವುದಿಲ್ಲ.

ಅದಕ್ಕೆ ಮದ್ದು ಬೇರೆ. ಕಿವಿಯನ್ನು ಗಟ್ಟಿಯಾಗಿ ಮುಚ್ಚುವುದು. ಕಿವಿ ಸುತ್ತ ಕೂರುವ ದಪ್ಪ ದಿಂಬು, ಇಲ್ಲವೇ ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿ. ದಪ್ಪ ಸದ್ದು ಚಿಪ್‌ನ ಕೆಲಸ, ಸಣ್ಣ ಸದ್ದು ಈ ಮುಚ್ಚಳದ ಕೆಲಸ. ಎಷ್ಟೋ ಜನ ಚಿಪ್‌ಗೆ ಮಾತ್ರ ದುಡ್ಡು ಕೊಟ್ಟು ಮುಚ್ಚಳ ಮರೆಯುತ್ತಾರೆ.

ಬಾಕ್ಸ್ ಮೇಲೆ ಇಎನ್‌ಸಿ ಅಂತ ಇದೆ. ಅದೂ ಇದೇ ಅಲ್ವಾ?

ಅಲ್ಲ! ನಾನು ಮೊದಲ ಸಲ ದುಡ್ಡು ಕಳೆದುಕೊಂಡದ್ದು ಇಲ್ಲೇ. ಸಾವಿರದ ಇನ್ನೂರಕ್ಕೆ ಬಡ್ಸ್ (ಕಿವಿಯೊಳಗೆ ಕೂರುವ ಪುಟ್ಟ, ವೈರಿಲ್ಲದ ಇಯರ್‌ಫೋನ್), ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಇಎನ್‌ಸಿ, ಕೆಳಗೆ ನಾಯ್ಸ್ ಕ್ಯಾನ್ಸಲೇಷನ್ ಅಂತಲೂ ಇತ್ತು. ದೆಹಲಿ ವಿಮಾನದಲ್ಲಿ ಹಾಕಿಕೊಂಡು ಬಟನ್ ಹುಡುಕಿದ್ದೇ ಹುಡುಕಿದ್ದು. ಆ ಬಟನ್ನೇ ಇರಲಿಲ್ಲ. ಇಎನ್‌ಸಿ ಅಂದರೆ ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲಿನ ಸದ್ದು ಆ ಕಡೆಯವರಿಗೆ ಕೇಳಿಸದ ಹಾಗೆ ಮಾಡುವುದು. ಲಾಭ ಅವರಿಗೆ, ನಿಮ್ಮ ಕಿವಿಗೆ ಏನೂ ಇಲ್ಲ.

ನೋಡಬೇಕಾದ ಅಕ್ಷರ ಎಎನ್‌ಸಿ. ಮೊದಲಲ್ಲಿ 'ಎ', ಆಕ್ಟಿವ್ ಅಂತ. ಮೇಲೆ ಹೇಳಿದ, ಅಲೆಯಿಂದ ಅಲೆ ಅಳಿಸುವ ಕೆಲಸ ಇದರದ್ದೇ. ಆನ್‌ಲೈನಿನಲ್ಲಿ ಹೆಸರಿನ ಸಾಲಿನಲ್ಲಿ ಏನೇನೋ ತುಂಬಿರುತ್ತಾರೆ, ಕೆಳಗಿನ ವಿವರದ ಪಟ್ಟಿಯವರೆಗೂ ಹೋಗಿ ನೋಡಿ. ಎಎನ್‌ಸಿ ಆನ್ ಇದ್ದಾಗ ಬ್ಯಾಟರಿ ಇಷ್ಟು ಗಂಟೆ, ಆಫ್ ಇದ್ದಾಗ ಇಷ್ಟು ಅಂತ ಎರಡು ಅಂಕಿ ಕೊಟ್ಟಿದ್ದರೆ ನಂಬಬಹುದು.

ಒಂದರಲ್ಲಿ 32 ಡೆಸಿಬೆಲ್, ಇನ್ನೊಂದರಲ್ಲಿ 50 ಡೆಸಿಬೆಲ್. 50 ತಗೊಳ್ಳಲಾ?

ಆ ಅಂಕಿ ನೋಡಿ ತಗೊಳ್ಳಬೇಡಿ. ಯಾವುದೋ ಒಂದು ಶ್ರುತಿಯಲ್ಲಿ ಅತಿ ಹೆಚ್ಚು ಎಷ್ಟು ಇಳಿಯಿತೋ ಅದನ್ನು ಬಾಕ್ಸ್ ಮೇಲೆ ಹಾಕುತ್ತಾರೆ. ಎಲ್ಲ ಸದ್ದೂ ಅಷ್ಟು ಇಳಿಯುತ್ತದೆ ಅಂತ ಅರ್ಥವಲ್ಲ. ಒಂದು ಲೆಕ್ಕ ತಲೆಯಲ್ಲಿರಲಿ: 10 ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, ನಮ್ಮ ಕಿವಿಗೆ ಸುಮಾರು ಅರ್ಧವಾದ ಹಾಗೆ ಕೇಳಿಸುತ್ತದೆ. ಎಂಜಿನ್ ಮೊರೆತ 20 ಡೆಸಿಬೆಲ್ ಇಳಿದರೂ ಸಾಕು, ಕಾಲು ಭಾಗ ಉಳಿದ ಹಾಗೆ. ಅಷ್ಟಕ್ಕೆ ದುಬಾರಿ ಹೆಡ್‌ಫೋನ್ ಬೇಕಾಗಿಲ್ಲ.

ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ಒಂದೂವರೆ ಸಾವಿರದೊಳಗೆ ಅಂದರೆ ನನ್ನ ಮಾತು ಕೇಳಿ, ಎಎನ್‌ಸಿ ಆಸೆ ಬಿಡಿ. ಮೆಡಿಕಲ್ ಸ್ಟೋರಿನಲ್ಲಿ ಫೋಮ್ ಇಯರ್‌ಪ್ಲಗ್ ಸಿಗುತ್ತದೆ, ಚಿಲ್ಲರೆ ದುಡ್ಡು. ಹಾಕುವ ರೀತಿ ಗೊತ್ತಿದ್ದರೆ ಸಾವಿರದ ಬಡ್ಸ್‌ಗಿಂತ ಎಷ್ಟೋ ವಾಸಿ. ಬೆರಳಲ್ಲಿ ಬತ್ತಿ ಹೊಸೆಯುವ ಹಾಗೆ ಪ್ಲಗ್ ಅನ್ನು ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಕಿವಿಯ ದಾರಿ ನೆಟ್ಟಗಾಗುತ್ತದೆ. ಆಗ ಒಳಗೆ ತಳ್ಳಿ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಫೋಮ್ ನಿಧಾನವಾಗಿ ಉಬ್ಬಿ ಮುಚ್ಚಿಕೊಳ್ಳುತ್ತದೆ, ಹೊರಗಿನ ಲೋಕ ದೂರ ಸರಿಯುವುದು ಕಿವಿಗೇ ಗೊತ್ತಾಗುತ್ತದೆ. ಸುಮ್ನೆ ಬೆಂಡಿನ ಹಾಗೆ ಕಿವಿಯ ಬಾಗಿಲಿಗೆ ಸಿಕ್ಕಿಸಿಕೊಂಡು "ಇದು ಏನೂ ಕೆಲಸ ಮಾಡಲ್ಲ" ಅನ್ನುವವರೇ ಜಾಸ್ತಿ.

ಎರಡರಿಂದ ನಾಲ್ಕೂವರೆ ಸಾವಿರದೊಳಗೆ ಎಎನ್‌ಸಿ ಬಡ್ಸ್ ಚೆನ್ನಾಗಿರುವುದೇ ಸಿಗುತ್ತವೆ. ಸಿಎಂಎಫ್, ಒನ್‌ಪ್ಲಸ್ ನಾರ್ಡ್, ರಿಯಲ್‌ಮಿ, ಬೋಟ್, ಎಲ್ಲರದ್ದೂ ಇವೆ. ಐದು ವರ್ಷದ ಹಿಂದೆ ಈ ಬೆಲೆಗೆ ಇಷ್ಟು ಸಿಗುತ್ತಿರಲಿಲ್ಲ.

ನಾಲ್ಕರಿಂದ ಹತ್ತು ಸಾವಿರದೊಳಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಸೌಂಡ್‌ಕೋರ್ ಕ್ಯೂ20ಐ, ಜೆಬಿಎಲ್ ಟ್ಯೂನ್ 770ಎನ್‌ಸಿ, ಸೋನಿ ಡಬ್ಲ್ಯೂಎಚ್-ಸಿಎಚ್720ಎನ್ ಈ ಸಾಲಿನವು. ಎಎನ್‌ಸಿ ಆನ್ ಇಟ್ಟುಕೊಂಡು ಕಂಪನಿ ಹೇಳುವ ಲೆಕ್ಕದಲ್ಲಿ ಮೊದಲನೆಯದು 40 ಗಂಟೆ, ಎರಡನೆಯದು 44, ಮೂರನೆಯದು 35. ಅಷ್ಟು ಗಂಟೆ ಯಾವ ವಿಮಾನವೂ ಹಾರುವುದಿಲ್ಲ, ಆದ್ದರಿಂದ ಇವುಗಳ ನಡುವೆ ಬ್ಯಾಟರಿ ನೋಡಿ ಆರಿಸುವುದು ದಂಡ. ತೂಕ ನೋಡಿ. ಸೋನಿಯದ್ದು 192 ಗ್ರಾಂ, ಅದಕ್ಕೇ ನಾನು ಅದನ್ನು ಇಟ್ಟುಕೊಂಡಿರುವುದು. ಮಡಚುವುದಕ್ಕೆ ಬರುವುದಿಲ್ಲ, ಅಮ್ಮ ಹಳೆ ಪಂಚೆಯಲ್ಲಿ ಹೊಲಿದುಕೊಟ್ಟ ಚೀಲದಲ್ಲಿ ಹಾಕಿ ಒಯ್ಯುತ್ತೇನೆ.

ಬೆಲೆ ವಾರಕ್ಕೊಂದು ಸಲ ಬದಲಾಗುತ್ತದೆ. ದಸರಾ, ದೀಪಾವಳಿ ಸೇಲ್‌ನಲ್ಲಿ ಇಳಿಯುತ್ತದೆ. ನಿಮ್ಮ ಪ್ರಯಾಣ ಡಿಸೆಂಬರ್‌ನಲ್ಲಿದ್ದರೆ ದಸರಾಗೇ ತೆಗೆದುಕೊಂಡುಬಿಡಿ.

ಬಡ್ಸ್ ಒಳ್ಳೆಯದಾ, ಕಿವಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದಾ?

ದೂರ ಎಷ್ಟು ಅನ್ನುವುದರ ಮೇಲೆ. ಬಡ್ಸ್ ಎಎನ್‌ಸಿ ಹಾಕಿಕೊಂಡು ಸಾಮಾನ್ಯವಾಗಿ ಐದಾರು ಗಂಟೆ ಬರುತ್ತವೆ. ಬೆಂಗಳೂರಿನಿಂದ ದೆಹಲಿ, ದುಬೈಗೆ ಧಾರಾಳ ಸಾಕು. ಫ್ರಾಂಕ್‌ಫರ್ಟ್ ಅಂದರೆ ಹತ್ತು ಗಂಟೆ ಹತ್ತಿರ, ನಡುವೆ ಒಂದು ಸಲ ಡಬ್ಬಿಗೆ ಹಾಕಿ ಚಾರ್ಜ್ ಮಾಡಬೇಕು. ಊಟದ ಹೊತ್ತಿಗೆ ಹಾಕಿದರೆ ಆಯಿತು, ಅದೇನು ಕಷ್ಟವಲ್ಲ.

ನಿದ್ದೆಯದ್ದೇ ಬೇರೆ ಕಥೆ. ಕಿಟಕಿಗೆ ತಲೆ ಒರಗಿಸಿ ಮಲಗುವವರಿಗೆ ದೊಡ್ಡ ಹೆಡ್‌ಫೋನ್ ಪಕ್ಕಕ್ಕೆ ಸರಿದು ಬಿಡುತ್ತದೆ, ಕತ್ತಿನ ದಿಂಬಿಗೂ ಅದಕ್ಕೂ ಜಗಳ. ಬಡ್ಸ್ ಆದರೆ ಆ ತೊಂದರೆ ಕಡಿಮೆ. ಆದರೆ ಬಡ್ಸ್ ಹಾಕಿ ಮೂರು ಗಂಟೆ ಆದ ಮೇಲೆ ಕೆಲವರಿಗೆ ಕಿವಿಯೊಳಗೆ ನೋವು ಶುರುವಾಗುತ್ತದೆ. ನನ್ನ ಹೆಂಡತಿ ಬಡ್ಸ್ ಪಕ್ಷ, ನಾನು ಹೆಡ್‌ಫೋನ್ ಪಕ್ಷ. ಇಬ್ಬರೂ ಒಬ್ಬರದ್ದೊಬ್ಬರು ಹಾಕಿ ನೋಡಿ ವಾಪಸ್ ಕೊಟ್ಟಿದ್ದೇವೆ.

ಬಡ್ಸ್ ತಗೊಂಡರೆ ಬಾಕ್ಸ್‌ನಲ್ಲಿ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಅಳತೆಯ ರಬ್ಬರ್ ತುದಿ ಇರುತ್ತವೆ. ಮೂರನ್ನೂ ಹಾಕಿ ನೋಡಿ. ಎರಡು ಕಿವಿಗೆ ಎರಡು ಅಳತೆ ಬೇಕಾಗಬಹುದು, ನನಗೆ ಬಲಕ್ಕೆ ಮಧ್ಯಮ, ಎಡಕ್ಕೆ ದೊಡ್ಡದು. ಎಎನ್‌ಸಿ ಸರಿ ಇಲ್ಲ ಅಂತ ವಾಪಸ್ ಮಾಡುವವರು ಎಷ್ಟೋ ಸಲ ತುದಿ ಬದಲಾಯಿಸಿಯೇ ಇರುವುದಿಲ್ಲ.

ಕನ್ನಡಕ ಹಾಕುತ್ತೇನೆ. ಝುಮುಕಿ, ಓಲೆ ಇದ್ದರೆ?

ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಕನ್ನಡಕದ ಕಡ್ಡಿ ಕಿವಿ ಮೇಲೆ ಹಾದುಹೋಗುವ ಕಡೆ ದಿಂಬು ಚರ್ಮಕ್ಕೆ ಅಂಟುವುದಿಲ್ಲ, ಸಣ್ಣ ಸಂದಿ ಉಳಿಯುತ್ತದೆ. ಆ ಸಂದಿಯಿಂದ ಎಂಜಿನ್ ಸದ್ದು ಒಳಗೆ ನುಗ್ಗುತ್ತದೆ. ದಪ್ಪ ಪ್ಲಾಸ್ಟಿಕ್ ಫ್ರೇಮ್ ಆದರೆ ಇನ್ನೂ ಜಾಸ್ತಿ. ತೆಳು ಲೋಹದ ಕಡ್ಡಿ, ಮೆತ್ತನೆಯ ದಿಂಬು ಇದ್ದರೆ ಪರವಾಗಿಲ್ಲ. ನಂಬಿಕೆ ಬರದಿದ್ದರೆ ಫ್ಯಾನ್ ಕೆಳಗೆ ಕೂತು ಹೆಡ್‌ಫೋನ್ ಹಾಕಿ, ಕನ್ನಡಕ ಒಂದು ಸಲ ತೆಗೆದು ಒಂದು ಸಲ ಹಾಕಿ ನೋಡಿ.

ಝುಮುಕಿ, ದೊಡ್ಡ ಓಲೆ, ಮೇಲುಕಿವಿಯ ಬುಗುಡಿ, ಇವೆಲ್ಲ ದಿಂಬಿನಡಿ ಸಿಕ್ಕಿ ಅರ್ಧ ಗಂಟೆಯಲ್ಲಿ ಚುಚ್ಚುತ್ತವೆ. ನಮ್ಮ ಅತ್ತೆ ಓಲೆ ತೆಗೆಯುವುದಿಲ್ಲ ಅಂದರು, ತೆಗೆಯಬೇಡಿ ಅಂತಲೇ ಹೇಳಿ ಅವರಿಗೆ ಬಡ್ಸ್ ಕೊಡಿಸಿದೆವು. ಕನ್ನಡಕ, ಓಲೆ ಎರಡೂ ಇರುವವರು ಯೋಚನೆಯೇ ಮಾಡದೆ ಬಡ್ಸ್ ಕಡೆ ಹೋಗಿ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಹೇಗೆ?

ದೇವರಾಜ ಅರಸು ರಸ್ತೆಯಲ್ಲಿ ಯಾವುದಾದರೂ ಅಂಗಡಿಗೆ ಹೋಗಿ "ತೋರಿಸಿ" ಅಂದರೆ ಮೊದಲು ಜೋರಾಗಿ ಒಂದು ಹಾಡು ಹಾಕಿ ಕಿವಿಗೆ ಇಡುತ್ತಾರೆ. ಹಾಡು ನಿಲ್ಲಿಸಿ ಅನ್ನಿ. ಎಸಿ ಕೆಳಗೆ ನಿಂತು, ಹಾಡಿಲ್ಲದೆ, ಎಎನ್‌ಸಿ ಬಟನ್ ಆನ್ ಆಫ್ ಮಾಡಿ. ಎಸಿಯ ಗುಂಯ್ ಅನ್ನುವುದು ಮಾಯವಾಗಬೇಕು. ಆಮೇಲೆ ತಲೆ ಅಲ್ಲಾಡಿಸಿ, ಬಾಯಿ ಆಡಿಸಿ. ಆಗ ಗುಂಯ್ ವಾಪಸ್ ಬಂದರೆ ಅದು ನಿಮ್ಮ ತಲೆಯ ಅಳತೆಗೆ ಕೂರುತ್ತಿಲ್ಲ ಅಂತ. ಹತ್ತು ನಿಮಿಷ ಹಾಕಿಕೊಂಡೇ ಅಂಗಡಿಯೊಳಗೆ ಓಡಾಡಿ, ನಾಚಿಕೆ ಬೇಡ. ನೆತ್ತಿ ನೋಯುತ್ತದಾ, ಕಿವಿ ಬೆವರುತ್ತದಾ ಅಂತ ಗೊತ್ತಾಗುವುದು ಆಗಲೇ.

ಆನ್‌ಲೈನಿನಲ್ಲಿ ತರಿಸಿದರೆ ಬಂದ ದಿನವೇ ಫ್ರಿಜ್ ಪಕ್ಕ, ಹಿಟ್ಟಿನ ಗಿರಣಿ ಹತ್ತಿರ, ಬೆಂಗಳೂರು ಬಸ್ಸಿನಲ್ಲಿ ಹಾಕಿ ನೋಡಿ. ವಾಪಸಾತಿ ಅಂದರೆ ದುಡ್ಡು ವಾಪಸ್ಸಾ, ಬರೀ ಬದಲಿ ಕೊಡುತ್ತಾರಾ ಅಂತ ಕೊಳ್ಳುವ ಮುಂಚೆಯೇ ಓದಿಕೊಳ್ಳಿ. ಹೆಡ್‌ಫೋನ್‌ಗೆ ಎಷ್ಟೋ ಕಡೆ ಬರೀ ಬದಲಿ. ಬಿಲ್ಲು ಇಟ್ಟುಕೊಳ್ಳಿ. ಮಾರಿದವರು ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಸೀಟಿನ ಮುಂದಿನ ಪರದೆಗೆ ಬ್ಲೂಟೂತ್ ಹೆಡ್‌ಫೋನ್ ಸೇರಿಸಲು ಆಗುತ್ತದಾ?

ಹೆಚ್ಚಿನ ವಿಮಾನಗಳಲ್ಲಿ ಇಲ್ಲ, ಕೆಲವು ಹೊಸ ವಿಮಾನಗಳಲ್ಲಿ ಆಗುತ್ತದೆ. ಮಿಕ್ಕ ಕಡೆ ಹಳೆಯ 3.5 ಮಿಲಿಮೀಟರ್ ತೂತೇ ಗತಿ. ದೂರದ ಪ್ರಯಾಣಕ್ಕೆ ತೆಗೆದುಕೊಳ್ಳುವುದಾದರೆ ವೈರ್ ಹಾಕಲು ಜಾಗ ಇದೆಯಾ ಅಂತ ಮೊದಲೇ ನೋಡಿ, ಕಡಿಮೆ ಬೆಲೆಯ ಕೆಲವಲ್ಲಿ ಆ ತೂತೇ ಇರುವುದಿಲ್ಲ. ವೈರ್ ಇದ್ದರೆ ಇನ್ನೊಂದು ಲಾಭ, ಬ್ಯಾಟರಿ ಸತ್ತರೂ ಹೆಚ್ಚಿನವು ಮಾಮೂಲಿ ಹೆಡ್‌ಫೋನ್ ಆಗಿ ಹಾಡುತ್ತವೆ. ಹಳೆಯ ವಿಮಾನಗಳಲ್ಲಿ ಎರಡು ಪಿನ್ನಿನ ತೂತು ಇರುವುದುಂಟು, ಅದಕ್ಕೆ ಚಿಕ್ಕ ಅಡಾಪ್ಟರ್ ಸಿಗುತ್ತದೆ. ಬಡ್ಸ್ ಇರುವವರು ಪರದೆಗೆ ಸೇರಿಸಬೇಕು ಅಂದರೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ಅಂತ ಬೇರೆ ತೆಗೆದುಕೊಳ್ಳಬೇಕು. ನನ್ನ ಪ್ರಕಾರ ಅದು ಬೇಡ. ಮನೆಯಲ್ಲೇ ಫೋನಿಗೆ ಎರಡು ಸಿನಿಮಾ, ನಾಲ್ಕು ಹರಿಕಥೆ ಇಳಿಸಿಕೊಂಡು ಹೋದರೆ ಮುಗಿಯಿತು. ನಮ್ಮ ದೇಶದೊಳಗಿನ ಎಷ್ಟೋ ವಿಮಾನಗಳಲ್ಲಿ ಪರದೆಯೇ ಇರುವುದಿಲ್ಲ.

ಮಂಡಕಳ್ಳಿಯಿಂದ ಹೋಗುವ ಪುಟ್ಟ ವಿಮಾನದಲ್ಲಿ ಬೇಕಾಗುತ್ತದಾ?

ಅಲ್ಲೇ ಜಾಸ್ತಿ ಬೇಕು! ನಮ್ಮ ಮೈಸೂರು ವಿಮಾನ ನಿಲ್ದಾಣದ ರನ್‌ವೇ ಚಿಕ್ಕದು, ಅದಕ್ಕೆ ಬರುವುದು ಎಟಿಆರ್ 72, ಪಂಖದ ವಿಮಾನ. ಎರಡು ಕಡೆ ಆರಾರು ಎಲೆಯ ಪಂಖ. ಅವು ಹಾರುವಾಗ ಹುಟ್ಟಿಸುವ ಮೊರೆತ ಸುಮಾರು 100 ಹರ್ಟ್ಜ್ ಆಸುಪಾಸು. ಎಎನ್‌ಸಿಗೆ ಅತ್ಯಂತ ಇಷ್ಟವಾದ ಸದ್ದು ಅಂದರೆ ಇದೇ, ಕಡಿಮೆ ಬೆಲೆಯದ್ದೂ ಇಲ್ಲಿ ಮಾನ ಉಳಿಸಿಕೊಳ್ಳುತ್ತದೆ.

ಸೀಟೂ ಲೆಕ್ಕಕ್ಕೆ ಬರುತ್ತದೆ. ಎಟಿಆರ್‌ನಲ್ಲಿ ಪಂಖದ ಪಕ್ಕದ ಮುಂದಿನ ಸಾಲುಗಳಲ್ಲಿ ಸದ್ದು ಜಾಸ್ತಿ, ಹಿಂದೆ ಹೋದಷ್ಟೂ ವಾಸಿ. ಬೆಂಗಳೂರಿನಿಂದ ಹೊರಡುವ ದೊಡ್ಡ ಜೆಟ್‌ಗಳಲ್ಲಿ ಇದು ಉಲ್ಟಾ. ರೆಕ್ಕೆಯ ಕೆಳಗೆ ಎಂಜಿನ್ ಇರುವುದರಿಂದ ರೆಕ್ಕೆಗಿಂತ ಮುಂದೆ ಕೂತರೆ ವಾಸಿ, ಹಿಂದೆ ಕೂತರೆ ಮೊರೆತ. ಸೀಟು ಆರಿಸುವುದಕ್ಕೆ ದುಡ್ಡು ಕೇಳದ ಟಿಕೆಟ್ ಆದರೆ ಇದು ಪುಕ್ಕಟೆ ನಾಯ್ಸ್ ಕ್ಯಾನ್ಸಲಿಂಗ್.

ಚೆಕ್-ಇನ್ ಬ್ಯಾಗಿಗೆ ಹಾಕಬಹುದಾ? ಪವರ್ ಬ್ಯಾಂಕ್?

ಕೈಚೀಲದಲ್ಲೇ ಇರಲಿ. ಲಿಥಿಯಂ ಬ್ಯಾಟರಿ ಇರುವ ಸಾಮಾನಿಗೆ ಅದೇ ಸರಿಯಾದ ಜಾಗ. ಪವರ್ ಬ್ಯಾಂಕ್ ಅಂತೂ ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗೇ ಇಲ್ಲ, ಕೈಚೀಲದಲ್ಲೂ ಸಾಮಾನ್ಯವಾಗಿ 100 ವ್ಯಾಟ್-ಅವರ್ ಒಳಗಿನದ್ದು ಮಾತ್ರ. ಎಷ್ಟೋ ಏರ್‌ಲೈನ್‌ಗಳು ಹಾರುವಾಗ ಅದನ್ನು ಬಳಸುವುದಕ್ಕೂ ಬಿಡುವುದಿಲ್ಲ. ಹಿಂದಿನ ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿಕೊಳ್ಳಿ.

ಏರುವಾಗ, ಇಳಿಯುವಾಗ ಹಾಕಿಕೊಂಡಿರಬಹುದಾ?

ಸಿಬ್ಬಂದಿ ತೆಗೆಯಿರಿ ಅಂದರೆ ತೆಗೆಯಿರಿ. ಸುರಕ್ಷತೆಯ ವಿವರಣೆ ಕೊಡುವಾಗ ಅವರು ಹೇಳದಿದ್ದರೂ ತೆಗೆಯಿರಿ.

ಇಳಿಯುವಾಗ ಕಿವಿ ಮುಚ್ಚಿಕೊಂಡ ಹಾಗಾಗುತ್ತದೆ, ಅದಕ್ಕೆ ಸಹಾಯ ಆಗುತ್ತದಾ?

ಇಲ್ಲ. ಅದು ಸದ್ದಿನದ್ದಲ್ಲ, ಗಾಳಿಯ ಒತ್ತಡದ್ದು. ನುಂಗುವುದು, ಆಕಳಿಸುವುದು, ಬಾಯಲ್ಲಿ ಏನಾದರೂ ಅಗಿಯುವುದು, ಇವೇ ಔಷಧ. ಇಳಿಯುವ ಹೊತ್ತಿಗೆ ಬಿಗಿಯಾದ ಬಡ್ಸ್ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಎಎನ್‌ಸಿ ಆನ್ ಮಾಡಿದಾಗಲೂ ಕೆಲವರಿಗೆ ಕಿವಿ ಒಳಕ್ಕೆ ಹೀರಿದ ಹಾಗನಿಸುತ್ತದೆ. ಅಲ್ಲಿ ನಿಜವಾದ ಒತ್ತಡ ಇರುವುದಿಲ್ಲ, ದಪ್ಪ ಸದ್ದು ಥಟ್ಟನೆ ಹೋದದ್ದಕ್ಕೆ ಮಿದುಳು ಗಲಿಬಿಲಿಯಾಗುವುದು ಅಷ್ಟೇ. ಎರಡು ದಿನದಲ್ಲಿ ರೂಢಿಯಾಗುತ್ತದೆ. ಆಗದಿದ್ದರೆ ಎಎನ್‌ಸಿ ಸ್ವಲ್ಪ ಕಡಿಮೆ ಮಾಡುವ ಸೌಲಭ್ಯ ಆ್ಯಪ್‌ನಲ್ಲಿ ಇದೆಯಾ ನೋಡಿ.

ಕಿವಿಗೆ ಹಾನಿ ಅಂತಾರಲ್ಲ?

ಹಾನಿ ಮಾಡುವುದು ವಾಲ್ಯೂಮ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ವಿಮಾನದೊಳಗೇ 80 ದಾಟಿರುವಾಗ ಮಾಮೂಲಿ ಇಯರ್‌ಫೋನ್ ಹಾಕಿದವರು ಹಾಡು ಕೇಳಿಸಲಿ ಅಂತ ಅದಕ್ಕಿಂತ ಮೇಲೆ ಏರಿಸುತ್ತಾರೆ. ಎಎನ್‌ಸಿ ಇದ್ದರೆ ಅರ್ಧ ವಾಲ್ಯೂಮಿಗೇ ಸಾಕಾಗುತ್ತದೆ. ಒಂದು ಸಲ ಹೀಗೆ ನೋಡಿ: ಹಾರುವಾಗ ಹಿತವಾಗಿ ಕೇಳಿಸುವಷ್ಟು ವಾಲ್ಯೂಮ್ ಇಟ್ಟುಕೊಳ್ಳಿ, ಮನೆಗೆ ಬಂದು ಅದೇ ವಾಲ್ಯೂಮಲ್ಲಿ ಕೇಳಿ. ಕಿರುಚಿದ ಹಾಗಿದ್ದರೆ ನಿಮ್ಮದು ಸರಿಯಾಗಿ ಕೆಲಸ ಮಾಡುತ್ತಿಲ್ಲ.

ಹಾಡು ಹಾಕದೆ ಸುಮ್ನೆ ಹಾಕಿಕೊಂಡು ಮಲಗಬಹುದಾ?

ಧಾರಾಳವಾಗಿ. ನಾನು ಹೆಚ್ಚಾಗಿ ಮಾಡುವುದೇ ಅದು. ಕೆಲವು ಹೆಡ್‌ಫೋನ್ ಹಾಡಿಲ್ಲದಿದ್ದರೆ ಸ್ವಲ್ಪ ಹೊತ್ತಾದ ಮೇಲೆ ತಾವೇ ಆಫ್ ಆಗುತ್ತವೆ, ನಡುರಾತ್ರಿ ಎಂಜಿನ್ ಸದ್ದು ದಬಕ್ಕನೆ ಮೈಮೇಲೆ ಬಿದ್ದು ಎಚ್ಚರವಾಗುತ್ತದೆ. ಆ್ಯಪ್‌ನಲ್ಲಿ ಆ ಟೈಮರ್ ಇದ್ದರೆ ಮನೆಯಲ್ಲೇ ತೆಗೆದುಹಾಕಿ.

ಅಪ್ಪ ಅಮ್ಮ ಮೊದಲ ಸಲ ಹೊರಟಿದ್ದಾರೆ. ಅವರಿಗೆ ಯಾವುದು?

ಬಟನ್ ಇರುವುದು. ಬೆರಳು ಸವರಿದರೆ, ಎರಡು ಸಲ ತಟ್ಟಿದರೆ ಅನ್ನುವ ಟಚ್ ಜಾತಿಯದ್ದು ಬೇಡ, ಸೆರಗು ತಾಗಿದರೂ ಹಾಡು ಬದಲಾಗುತ್ತದೆ. ನಮ್ಮ ಅಮ್ಮನಿಗೆ ಕೊಟ್ಟಾಗ ಮೂರು ಬಟನ್ನಿನಲ್ಲಿ ಎಎನ್‌ಸಿ ಯಾವುದು ಅಂತ ಕತ್ತಲಲ್ಲಿ ಗೊತ್ತಾಗುತ್ತಿರಲಿಲ್ಲ. ಅವರೇ ಒಂದು ಉಪಾಯ ಮಾಡಿದರು, ತಮ್ಮ ಸ್ಟಿಕ್ಕರ್ ಬೊಟ್ಟು ಒಂದನ್ನು ತೆಗೆದು ಆ ಬಟನ್ ಮೇಲೆ ಅಂಟಿಸಿದರು. ಕಲ್ಲಿನ ಬೊಟ್ಟು, ಬೆರಳಿಗೆ ಸಿಗುತ್ತದೆ. ಈಗಲೂ ಹಾಗೇ ಇದೆ.

ಹೊರಡುವ ಮುಂಚೆ ಒಂದು ವಾರ ಮನೆಯಲ್ಲೇ ಹಾಕಿಸಿ ರೂಢಿ ಮಾಡಿಸಿ. ಹೊರಗಿನ ಮಾತು ಕೇಳಿಸುವ ಮೋಡ್ ಒಂದಿರುತ್ತದೆ, ಟ್ರಾನ್ಸ್‌ಪರೆನ್ಸಿ, ಆಂಬಿಯೆಂಟ್, ಏನೇನೋ ಹೆಸರು, ಅದನ್ನು ಹಾಕುವುದು ಕಲಿಸಿ. ಗಗನಸಖಿ ಊಟ ಏನು ಅಂತ ಕೇಳಿದಾಗ ಕೈಬಾಯಿ ಸನ್ನೆ ಮಾಡುವುದು ತಪ್ಪುತ್ತದೆ. ಶ್ರವಣಯಂತ್ರ ಹಾಕುವವರಾದರೆ ಕೊಳ್ಳುವ ಮೊದಲು ಅವರ ಶ್ರವಣತಜ್ಞರ (ಆಡಿಯಾಲಜಿಸ್ಟ್) ಹತ್ತಿರ ಒಂದು ಮಾತು ಕೇಳಿ, ಮೈಸೂರಿನವರಿಗೆ ಮಾನಸಗಂಗೋತ್ರಿಯ ಆಯಿಷ್ (ವಾಕ್ ಶ್ರವಣ ಸಂಸ್ಥೆ) ಹತ್ತಿರದಲ್ಲೇ ಇದೆ.

ಎಷ್ಟು ವರ್ಷ ಬರುತ್ತದೆ? ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಮೊದಲು ಹೋಗುವುದು ದಿಂಬಿನ ಮೇಲಿನ ಕೃತಕ ಚರ್ಮ. ನಾನು ಎರಡನೇ ಸಲ ದುಡ್ಡು ಕಳೆದದ್ದು ಇಲ್ಲಿ. ಒಂದೂವರೆ ವರ್ಷಕ್ಕೆ ಚರ್ಮ ಸುಲಿದು ಕರೀ ಚೂರುಗಳು ಕಿವಿ ಸುತ್ತ, ಅಂಗಿ ಕಾಲರ್ ಮೇಲೆ. ಎಳ್ಳು ಚೆಲ್ಲಿದ ಹಾಗೆ! ಸರ್ವೀಸ್ ಸೆಂಟರಿನವರು ಆ ಮಾಡೆಲ್ಲಿಗೆ ದಿಂಬು ಸಿಗುವುದಿಲ್ಲ ಅಂದುಬಿಟ್ಟರು. ಈಗ ನಾನು ಕೊಳ್ಳುವ ಮೊದಲು ಅದರ ದಿಂಬು ಬಿಡಿಯಾಗಿ ಮಾರಾಟಕ್ಕಿದೆಯಾ ಅಂತ ಹುಡುಕುತ್ತೇನೆ. ದಿಂಬು ಸುಲಿದರೆ ಮುಚ್ಚಳ ಹೋಯಿತು, ಮುಚ್ಚಳ ಹೋದರೆ ಎಎನ್‌ಸಿ ಇದ್ದೂ ಇಲ್ಲದ ಹಾಗೆ. ಬೆವರು ಒರೆಸಿ ಇಡಿ, ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ದೊಡ್ಡ ಹೆಡ್‌ಫೋನ್ ಆದರೆ ಯೋಚಿಸಬಹುದು. ಬಡ್ಸ್ ಬೇಡವೇ ಬೇಡ, ಬ್ಯಾಟರಿ ಬದಲಾಯಿಸಲು ಬರುವುದಿಲ್ಲ, ಮತ್ತೆ ಬೇರೆಯವರ ಕಿವಿಯದ್ದು.

ಬಡ್ಸ್ ಸೀಟಿನ ಸಂದಿಗೆ ಬಿದ್ದರೆ?

ಸೀಟು ಹಿಂದೆ ಮುಂದೆ ಆಡಿಸಬೇಡಿ. ಒಳಗೆ ಸಿಕ್ಕಿ ಬ್ಯಾಟರಿ ಜಜ್ಜಿ ಹೋದರೆ ಬೆಂಕಿ ಹತ್ತಬಹುದು. ಹಾಗೇ ಎದ್ದು ಸಿಬ್ಬಂದಿಯನ್ನು ಕರೆಯಿರಿ.

ಏರ್‌ಪೋರ್ಟ್ ಬಸ್ಸಿನಲ್ಲೂ ಹಾಕಬಹುದಾ?

ಹಾಕಬಹುದು, ಬಸ್ಸಿನ ಎಂಜಿನ್ ಸದ್ದಿಗೂ ಇದು ಅಷ್ಟೇ ಚೆನ್ನಾಗಿ ಹೊಂದುತ್ತದೆ. ದೇವನಹಳ್ಳಿಯಿಂದ ಮೈಸೂರಿಗೆ ಫ್ಲೈಬಸ್ ನಾಲ್ಕು ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ. ಆದರೆ ಮಂಡ್ಯದಲ್ಲಿ ಇಳಿಯುವವರು ಹುಷಾರು. ಹೋದ ಸಲ ಭಾವ ದುಬೈಯಿಂದ ರಾತ್ರಿ ಬಂದು, ಬಸ್ ಹತ್ತಿ, ನನ್ನದೇ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರು. ಕಂಡಕ್ಟರ್ ಮಂಡ್ಯ ಮಂಡ್ಯ ಅಂತ ಎರಡು ಸಲ ಕೂಗಿದರಂತೆ. ಬೆಳಗಿನ ಜಾವ ಐದಕ್ಕೆ ನಮ್ಮನೆ ಬೆಲ್ ಆಯಿತು. ಬಾಗಿಲು ತೆಗೆದರೆ ಭಾವ, ಎರಡು ಸೂಟ್‌ಕೇಸ್, ಕತ್ತಿನಲ್ಲಿ ಇನ್ನೂ ಹೆಡ್‌ಫೋನ್. "ಇದು ಚೆನ್ನಾಗೇ ಕೆಲಸ ಮಾಡುತ್ತೆ ಕಣಪ್ಪ" ಅಂದು ಒಳಗೆ ಬಂದು ಕಾಫಿ ಕೇಳಿದರು.